ಈ ವರ್ಷ ಕುಂಡದಲ್ಲೇ ಬಿತ್ತು

ಫೆಬ್ರವರಿ 18

ಪೆಟೂನಿಯಾ ಬಿತ್ತಿ ಆಯ್ತು. ಬೀಜ ಅಂದರೆ ಧೂಳು — ಒದ್ದೆ ಬೆಂಕಿಕಡ್ಡಿಯ ತುದಿಗೆ ಅಂಟಿಸಿಕೊಂಡು ಒಂದೊಂದೇ ಇಡಬೇಕು. ಉಸಿರು ಬಿಟ್ಟರೂ ಹಾರುತ್ತೆ. ಹೊರಗೆ ಹಿಮ ಬೇಲಿಯ ತಲೆ ಮುಚ್ಚಿದೆ.

ಸಂಜೆ ಪ್ಯಾಕೆಟ್ಟೆಲ್ಲಾ ಮೇಜಿನ ಮೇಲೆ ಹರಡಿಕೊಂಡು ಕೂತೆ. ಪ್ರತಿ ವರ್ಷ ಇದೇ ಜಗಳ — ನನಗೆ ಹೂ ಬೇಕು, ಗಂಡ ಮಕಾರನಿಗೆ ತರಕಾರಿ. ಈ ಸಲ ಅವನು ಜಗಳಕ್ಕೇ ಬರಲಿಲ್ಲ. ಜಲಾಶಯದ ಏರಿ ಕಾವಲು ಮುಗಿಸಿ ಬಂದವನು ಬೂಟು ಕೂಡ ಬಿಚ್ಚಿರಲಿಲ್ಲ. ಕ್ಯಾರೆಟ್, ಬೀಟ್‌ರೂಟ್ ಪ್ಯಾಕೆಟ್ ಪಕ್ಕಕ್ಕೆ ತಳ್ಳಿದ.

"ನೆಲಕ್ಕೆ ಹಾಕೋದು ಈ ವರ್ಷ ಬೇಡ, ತಾಯಾ."

"ಮತ್ತೆಲ್ಲಿ ಹಾಕ್ಲಿ? ನಿನ್ನ ತಲೆ ಮೇಲಾ?"

"ಕುಂಡದಲ್ಲಿ ಹಾಕು. ಎತ್ಕೊಂಡು ಹೋಗೋ ಹಾಗಿರ್ಬೇಕು."

ನಕ್ಕೆ. ಅವನು ನಗಲಿಲ್ಲ.

ಫೆಬ್ರವರಿ 27

ದೊಣ್ಣೆಮೆಣಸು ಮೊಳೆತಿದೆ. ಟೊಮೇಟೊಗೆ ಮೊಸರಿನ ಡಬ್ಬ, ಹಾಲಿನ ಪೊಟ್ಟಣ ಕತ್ತರಿಸಿ ಇಟ್ಟಿದ್ದೀನಿ. ಕಿಟಕಿಕಟ್ಟೆಯಲ್ಲಿ ಜಾಗವೇ ಇಲ್ಲ.

ಮಕಾರ್ ಊಟ ಮಾಡ್ತಾ ಮಾಡ್ತಾ ಚಮಚ ಹಾಗೇ ಹಿಡಿದು ಕೂತುಬಿಡ್ತಾನೆ. ಏನೋ ಕೇಳಿಸಿಕೊಳ್ಳುವವನ ಹಾಗೆ...

ಮಾರ್ಚ್ 8

ಹೆಂಗಸರ ಹಬ್ಬ. ಪಕ್ಕದ ಮನೆ ಲುಷಾ ಅಜ್ಜಿ ಕೋಸು ತುಂಬಿದ ಪಿರೋಗ್ ಕಡುಬು ಮಾಡಿ ತಂದಿದ್ದಳು. ಅವಳಿಗೆ ಒಂದು ಮೇಕೆ ಬಿಟ್ಟರೆ ಯಾರೂ ಇಲ್ಲ. ಚಹಾ ಕುಡಿದು, ಕರವಸ್ತ್ರದ ಗಂಟಿನಿಂದ ಆಸ್ಟರ್ ಹೂವಿನ ಬೀಜ ಬಿಚ್ಚಿ ತೋರಿಸಿದಳು.

"ಕಿಟಕಿ ಕೆಳಗೇ ಹಾಕೋದು. ನಮ್ಮ ಯಜಮಾನ್ರು ಹೋದಾಗಿಂದ್ಲೂ ಅಲ್ಲೇ. ಮಕಾರ್, ಮೇ ತಿಂಗಳಲ್ಲಿ ಬಂದು ಒಂಚೂರು ಮಣ್ಣು ಅಗೆದು ಕೊಡ್ತೀಯೇನೋ?"

"ಮೇ ಬರ್ಲಿ ಅಜ್ಜಿ."

"ಬರದೆ ಎಲ್ಲಿಗೆ ಹೋಗುತ್ತೆ? ನೋಡೇ ಇವನ ಮಾತು!"

ಅವನು ಎದ್ದು ಅಂಗಳಕ್ಕೆ ಹೋದ. ಕೋಟಿಲ್ಲದೆ, ಆ ಚಳಿಯಲ್ಲಿ.

ಮಾರ್ಚ್ 17

ನೆಲಮಾಳಿಗೆಯಲ್ಲಿದ್ದ ಬಿತ್ತನೆ ಆಲೂಗಡ್ಡೆ, ಉಪ್ಪಿನಕಾಯಿ ಜಾಡಿ, ಡೇಲಿಯಾ ಗೆಡ್ಡೆ — ಎಲ್ಲಾ ಮಕಾರ್ ಅಟ್ಟಕ್ಕೆ ಸಾಗಿಸ್ತಿದ್ದ. ಏಣಿ ಹಿಡಿದು ನಿಂತೆ. ಹೇಳದೆ ಇಳಿಯೋಕೆ ಬಿಡಲ್ಲ ಅಂದೆ.

ಹೇಳಿದ. ಏರಿಯ ಬುಡದಲ್ಲಿ ನೀರು ಬಸಿಯುತ್ತಿದೆ. ತಿಳಿನೀರಲ್ಲ — ಮಣ್ಣಿನ ಬಣ್ಣದ್ದು, ಅಂದರೆ ಏರಿಯೇ ಒಳಗಿಂದ ಕರಗ್ತಿದೆ. ಉರಾಲ್ ಬೆಟ್ಟದ ಹಿಮ ಇನ್ನೂ ಕರಗೋಕೆ ಶುರುವೇ ಆಗಿಲ್ಲ. ಇಂಜಿನಿಯರಿಗೂ ಗೊತ್ತು, ಕಾವಲಿನವರಿಗೂ ಗೊತ್ತು. ಎಲ್ಲರ ಬಾಯಿಗೂ ಬೀಗ. ಜನರನ್ನು ಹೆದರಿಸಿದರೆ ಕೆಲಸ ಹೋಗುತ್ತೆ, ಕೇಸೂ ಬೀಳುತ್ತೆ ಅಂತ ಮೇಲಿನವರು ಅಂದಿದ್ದಾರಂತೆ.

"ನನಗಾದ್ರೂ ಹೇಳ್ಬಹುದಿತ್ತಲ್ಲ?"

"ಹೇಳ್ತಾನೇ ಇದ್ದೆನಲ್ಲ, ಕುಂಡದಲ್ಲಿ ಹಾಕು ಅಂತ."

ಮಾರ್ಚ್ 18

ಲುಷಾ ಅಜ್ಜಿಗೆ ಹೇಳಿದೆ. ಅವಳಿಗೆ ಹೇಳಿದರೆ ಊರಿಗೆಲ್ಲಾ ಡಂಗುರ ಹೊಡೆದ ಹಾಗೆ. ಗೊತ್ತಿದ್ದೇ ಹೇಳಿದೆ.

"ಆ ಏರಿ ಕಟ್ಟೋವಾಗ ಮಣ್ಣು ಹೊತ್ತಿದೀನಿ ಕಣೇ ನಾನು. ಅದು ಒಡೆಯುತ್ತಾ? ಹೋಗೇ, ಹೋಗೇ!"

ಮಾರ್ಚ್ 29

ಮಕಾರನ ಕೆಲಸ ಹೋಯ್ತು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾರು ಬೇಡ ಅಂದರೂ ದಿನಾ ಬೆಳಗ್ಗೆ ಏರಿ ನೋಡೋಕೆ ಹೋಗ್ತಾನೆ. ಬಂದ ಮೇಲೆ ಮುಖ ನೋಡಿ ತಿಳ್ಕೋಬೇಕು.

ಅಂಗಡಿಯಲ್ಲಿ ಬ್ರೆಡ್ಡಿಗೆ ನಿಂತಿದ್ದೆ. ಗಲ್ಲಾದ ಹಿಂದಿನಿಂದ ದಾರ್ಯಾ ಕೂಗಿದಳು: "ತಾಯಾ, ಸೌತೆಬಳ್ಳಿ ಈ ವರ್ಷ ದೋಣಿ ಮೇಲೆ ಹಬ್ಬಿಸ್ತೀಯೇನೇ?" ಕ್ಯೂನಲ್ಲಿದ್ದವರೆಲ್ಲಾ ನಕ್ಕರು.

ವಾಪಸ್ ಬರುವಾಗ ನೋಡಿದೆ — ನಕ್ಕವರ ಕಿಟಕಿಗಳಲ್ಲೇ ಬಕೆಟ್ಟು, ಪಾತ್ರೆ, ಹಳೇ ಬೂಟು. ಎಲ್ಲದರಲ್ಲೂ ಸಸಿ. ದಾರ್ಯಾಳ ಮನೆಯಲ್ಲೂ.

ಏಪ್ರಿಲ್ 4

ಒಂದೇ ಸಲಕ್ಕೆ ಬಿಸಿಲು. ಹಗಲೆಲ್ಲಾ ಸೂರಿನಿಂದ ಹಿಮ ಕರಗಿದ ನೀರು. ಚರಂಡಿ ತುಂಬಿ ರಸ್ತೆಗೆ ಬಂದಿದೆ. ಫೋನಿಗೆ ನಗರಸಭೆಯ ಮೆಸೇಜು: ಪರಿಸ್ಥಿತಿ ಹತೋಟಿಯಲ್ಲಿದೆ.

ಲುಷಾ ಅಜ್ಜಿ ಬೇಲಿ ಹತ್ತಿರ ಬಂದಳು.

"ಒಂದು ಬಕೆಟ್ ಇದ್ರೆ ಕೊಡೇ ಮಗಳೇ. ಆಸ್ಟರಿಗೆ."

ಕೊಟ್ಟೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಏಪ್ರಿಲ್ 5, ಸಂಜೆ. ಸ್ಕೂಲಿನಲ್ಲಿ

ಮಧ್ಯಾಹ್ನ ಮಕಾರ್ ಫೋನ್ ಮಾಡಿದ. ಹಿಂದೆ ಭೋರ್ ಅಂತ ಸದ್ದು.

"ಏರಿ ಕುಸೀತಿದೆ. ಎಲ್ಲರೂ ಗುಡ್ಡದ ಸ್ಕೂಲಿಗೆ ಹತ್ತಿ. ಮನೆಮನೆ ಬಾಗಿಲು ಬಡಿ."

"ನೀನು?"

"ಏರಿ ಕೆಳಗಿನ ಕಾವಲು ಶೆಡ್ಡಲ್ಲಿ ಇಬ್ರು ಇದಾರೆ. ಕೂಗಿದ್ರೆ ಕೇಳಿಸ್ತಿಲ್ಲ ಅವ್ರಿಗೆ. ಕರ್ಕೊಂಡು ಬರ್ತೀನಿ. ತಾಯಾ, ನೀನು ಹೊರಡು—"

ಕಟ್ ಆಯ್ತು.

ನನ್ನ ಸಸಿ ಒಂದೂ ತರಲಿಲ್ಲ. ಬಾಗಿಲು ಬಡಿಯೋಕೆ ಎರಡೂ ಕೈ ಬೇಕಿತ್ತು. ಒಬ್ಬರೂ ಯಾಕೆ ಅಂತ ಕೇಳಲಿಲ್ಲ. ಕೋಟು ಹಾಕಿಕೊಂಡೇ ಕೂತಿದ್ದವರ ಹಾಗೆ ಹೊರಬಂದರು. ಲುಷಾ ಅಜ್ಜಿ ಮಾತ್ರ ಮೇಕೆ ಬಿಟ್ಟು ಬರಲ್ಲ ಅಂದಳು. ದಾರ್ಯಾ ಮೇಕೆಯನ್ನು ಹೆಗಲಿಗೆ ಹಾಕಿಕೊಂಡು ನಡೆದಳು. ಆಮೇಲೆ ಅಜ್ಜಿಯೂ ಬಂದಳು.

ನಾವು ಮೇಲೆ ಹತ್ತಿ ಆದ ಮೇಲೆ ಸೈರನ್ ಕೂಗಿತು.

ಏಪ್ರಿಲ್ 6

ನಮ್ಮ ಬೀದಿಯಲ್ಲಿ ಛಾವಣಿಗಳಷ್ಟೇ ಕಾಣ್ತಿವೆ. ಜನ ಎಲ್ಲಾ ಇಲ್ಲಿದ್ದಾರೆ. ದಾರ್ಯಾ ನನ್ನ ಪಕ್ಕ ಬಂದು ಕೂತಳು. "ಅವತ್ತು ಆಡಿದ್ದು ಮನಸ್ಸಿಗೆ ಹಾಕ್ಕೋಬೇಡ ಕಣೇ." ಇಲ್ಲ ಅಂದೆ.

ಶೆಡ್ಡಿನ ಇಬ್ಬರು ಬೆಳಗ್ಗೆ ಬಂದರು. ಮಕಾರ್ ಅವರನ್ನು ಮುಂದೆ ಬಿಟ್ಟು ಹಿಂದೆಯೇ ಬರ್ತಿದ್ದನಂತೆ.

ಹಿಂದೆಯೇ.

ಏಪ್ರಿಲ್ 7

ಕಿಟಕಿಕಟ್ಟೆ ಮೇಲೆ ಜನ ತಂದ ಬಕೆಟ್ಟುಗಳು. ಯಾರದ್ದು ಯಾವುದೋ ಗೊತ್ತಿಲ್ಲ, ಎಲ್ಲಕ್ಕೂ ನೀರು ಹಾಕಿದೆ. ಏನಾದರೂ ಮಾಡ್ತಿರಬೇಕಲ್ಲ.

ಹುಡುಕೋಕೆ ಹೋಗಿದ್ದ ದೋಣಿಯವರು ಬಂದಿದ್ದಾರೆ. ಬಾಗಿಲಲ್ಲಿ ನಿಂತು, ಮಕಾರನ ಹೆಂಡತಿ ಯಾರು ಅಂತ ಕೇಳ್ತಿದ್ದಾರೆ. ನಾನು ಯಾರು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಒಬ್ಬರೂ ನನ್ನ ಕಡೆ ಕೈ ತೋರಿಸ್ತಿಲ್ಲ. ದಾರ್ಯಾ ಗೋಡೆಗೆ ಮುಖ ತಿರುಗಿಸಿದಳು. ಲುಷಾ ಅಜ್ಜಿ ನನ್ನ ಎಡಗೈ ಹಿಡ್ಕೊಂಡಿದ್ದಾಳೆ, ಗಟ್ಟಿಯಾಗಿ.

ಏಳ್ತೀನಿ. ಇದೊಂದು ಸಾಲು ಬರೆದು—