ಅಕ್ಕನ ಪ್ರಮಾಣಪತ್ರಕ್ಕೆ ಮೀಸೆ

ಲ್ಯಾಬಿನ ಹಿಂದಿನ ಕೋಣೆ,
ಮಂಗಳವಾರ, ಊಟದ ಬಿಡುವು

ಸಮಸ್ತ ಕ್ರೋಮೋಸೋಮು ಸಾಮ್ರಾಜ್ಯದ ಏಕಚ್ಛತ್ರಾಧೀಶ್ವರಿ, ಸೂಕ್ಷ್ಮದರ್ಶಕ ಸಿಂಹಾಸನಾರೂಢೆ, ಪ್ರಮಾಣಪತ್ರ ಕಿರೀಟಧಾರಿಣಿಯಾದ ನನ್ನ ಅಕ್ಕನವರ ದಿವ್ಯ ಸನ್ನಿಧಿಗೆ, ಇನ್ನೂ ಯಾವ ಕಾಗದದ ಚೂರಿನಿಂದಲೂ ಅಲಂಕೃತನಾಗದ ತಮ್ಮನು ನೆಲಮುಟ್ಟಿ ಮಾಡುವ ಬಿನ್ನಹ.

ಹೇಗಿದ್ದೀಯೆ? ಹೊಸ ಆಸ್ಪತ್ರೆಯಲ್ಲಾದರೂ ಕುರ್ಚಿಯ ಎತ್ತರ ಸರಿಯಿದೆಯೇ, ಕತ್ತುನೋವು ಇಳಿಯಿತೇ? ನಾನಂತೂ ಕ್ಷೇಮವಲ್ಲ. ಹೊಟ್ಟೆಯಲ್ಲಿ ಉರಿ. ಡಾಕ್ಟರು ಬೇಡ, ಕಾರಣ ಗೊತ್ತಿದೆ. ನಡುಮನೆಯ ಕಪಾಟಿನಿಂದ ನನ್ನ ಕೇರಂ ಕಪ್ಪನ್ನು ಫ್ರಿಜ್ಜಿನ ಹಿಂದಕ್ಕೆ ಗಡೀಪಾರು ಮಾಡಿ, ಅಲ್ಲಿ ನಿನ್ನ ಪ್ರಮಾಣಪತ್ರವನ್ನು ಚೌಕಟ್ಟು ಸಮೇತ ಪ್ರತಿಷ್ಠಾಪಿಸಿದ್ದಾರೆ. ಬಂದವರಿಗೆಲ್ಲ ಅಪ್ಪನ ಭಾಷಣ: “ಕ್ರೋಮೋಸೋಮು ನೋಡಿ ರೋಗ ಹೇಳ್ತಾಳ್ರೀ ನನ್ ಮಗಳು. ಅವಳ ಸಹಿ ಇಲ್ದೆ ವರದಿ ಹೊರಗೇ ಹೋಗಲ್ಲ.” ಪಕ್ಕದಲ್ಲೇ ಕೂತ ಮಗನೂ ಅದೇ ಕೆಲಸ ಮಾಡುತ್ತಾನೆಂಬುದು ಅವರಿಗೆ ಮರೆತೇಹೋಗಿದೆ. ತಡೆಯಲಾರದೆ, ಗಾಜಿನ ಮೇಲೆ, ಪ್ರಮಾಣಪತ್ರದಲ್ಲಿರುವ ನಿನ್ನ ಫೋಟೋದ ಮೂಗಿನ ಕೆಳಗೆ ಸರಿಯಾಗಿ, ಕಪ್ಪು ಟೇಪಿನ ಮೀಸೆ ಅಂಟಿಸಿದೆ. ಅಮ್ಮ ಕನ್ನಡಕವಿಲ್ಲದೆ ನೋಡಿ, “ಓದಿ ಓದಿ ಎಷ್ಟು ಗಂಭೀರ ಆಗ್ಬಿಟ್ಟಿದೆ ಮಗು ಮುಖ” ಎಂದು ಕಣ್ಣೊರೆಸಿಕೊಂಡಳು. ಮೀಸೆಯೂ ನಿನಗೇ ಒಪ್ಪಬೇಕೇ!

ನೀನು ಬಿಟ್ಟುಹೋದ ಈ ಲ್ಯಾಬಿನಲ್ಲೂ ಬಿಡುಗಡೆಯಿಲ್ಲ. ನಿನ್ನೆ ಕ್ರೋಮೋಸೋಮುಗಳ ಚಿತ್ರಗಳನ್ನು ಜೋಡಿ ಹೊಂದಿಸುವಾಗ, ಮೇಲಿರಬೇಕಾದ ಗಿಡ್ಡ ತೋಳನ್ನು ಒಂದರಲ್ಲಿ ಕೆಳಗೆ ಮಾಡಿ ಇಟ್ಟುಬಿಟ್ಟೆ. ಮುಖ್ಯಸ್ಥೆ ಮೇಡಂ, “ಇದ್ಯಾಕಪ್ಪಾ ತಲೆಕೆಳಗಾಗಿ ನಿಂತಿದೆ? ನಿಮ್ಮಕ್ಕನ ಕೈಯಲ್ಲಿ ಒಂದಿನಾನೂ ಹೀಗಾಗಿರ್ಲಿಲ್ಲ” ಎಂದರು. “ಅಕ್ಕನ ಹೊಗಳಿಕೆ ಕೇಳಿ ಕೇಳಿ ಅದಕ್ಕೂ ತಲೆ ತಿರುಗಿರ್ಬೇಕು ಮೇಡಂ” ಎಂದೆ. ನಗಲಿಲ್ಲ.

ಬರುವ ಸೋಮವಾರ ನಾನೂ ಅದೇ ಪ್ರಮಾಣಪತ್ರದ ಪರೀಕ್ಷೆಗೆ ಕೂರುತ್ತಿದ್ದೇನೆ. ಕಳೆದ ಸಲದಂತೆ ಪ್ರಾಯೋಗಿಕದಲ್ಲಿ ಮುಗ್ಗರಿಸಿದರೆ, ಸೂಕ್ಷ್ಮದರ್ಶಕದ ಮುಂದಿನಿಂದ ಎಬ್ಬಿಸಿ ಟ್ಯೂಬುಗಳಿಗೆ ಚೀಟಿ ಅಂಟಿಸಲು ಕಳಿಸುತ್ತಾರಂತೆ. ಆದರೂ ನೀನು ಫೋನಿನಲ್ಲಿ “ಏನಾದ್ರೂ ಹೇಳ್ಕೊಡ್ಲೇನೋ, ಮಂಗಾ?” ಎಂದು ಕರುಣೆ ಸುರಿಸಬೇಕಾಗಿಲ್ಲ. ನಿನ್ನ ಹಂಗಿಲ್ಲದೆ ಪಾಸಾಗಿ, ನಿನ್ನದಕ್ಕಿಂತ ಒಂದು ಗೇಣು ದೊಡ್ಡ ಚೌಕಟ್ಟು ಹಾಕಿಸುತ್ತೇನೆ. ಇದು ಭೀಷಣ ಪ್ರತಿಜ್ಞೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪ ಅಮ್ಮನ ಆಶೀರ್ವಾದದ ದಾಸ್ತಾನು ನಿನ್ನ ಬಳಿ ಸಾಕಷ್ಟಿರುವುದರಿಂದ ಇದರೊಂದಿಗೆ ಕಳಿಸುತ್ತಿಲ್ಲ.

ಇಂತಿ,
ಹೊಟ್ಟೆಕಿಚ್ಚಿನ ಏಕೈಕ ವಾರಸುದಾರ,
ನಿನ್ನ ತಮ್ಮ

ವಿ.ಸೂ.: ಅಕ್ಕಾ, ಸ್ಲೈಡಿನ ಮೇಲೆ ಜೀವಕೋಶಗಳ ದ್ರವದ ಹನಿ ಬೀಳಿಸುವಾಗ ಕೈಯನ್ನು ಎಷ್ಟು ಎತ್ತರ ಹಿಡಿಯುತ್ತಿದ್ದೆ? ನಿನ್ನ ಹನಿಯಲ್ಲಿ ಕ್ರೋಮೋಸೋಮುಗಳು ಬಿಡಿಬಿಡಿಯಾಗಿ ಹರಡುತ್ತಿದ್ದವು. ನನ್ನದರಲ್ಲಿ ಎಲ್ಲ ಒಂದರ ಮೇಲೊಂದು ಬಿದ್ದು ಉಂಡೆಗಟ್ಟುತ್ತವೆ, ಎಣಿಸಲೂ ಆಗುವುದಿಲ್ಲ. ಮೊಣಕಾಲೂರಿ ಬೀಳಿಸಿದೆ, ಸ್ಟೂಲು ಹತ್ತಿ ಬೀಳಿಸಿದೆ. ಭಾನುವಾರ ಬಂದು ಒಂದೇ ಒಂದು ಸಲ ನನ್ನ ಕೈ ಹಿಡಿದು ಬೀಳಿಸು. ನಾನು ಕರೆದೆ ಅಂತ ಮಾತ್ರ ಯಾರಿಗೂ ಹೇಳಬೇಡ.