ಹೆಮ್ಮೆಯ ಮೊದಲಕ್ಷರ

ಗುರುವಾರ, ಮಧ್ಯಾಹ್ನ
ಪತ್ರಿಕಾ ಕಚೇರಿ, ಮೇಲ್ಮಹಡಿ

ಪ್ರೀತಿಯ ಪುಟ್ಟಿ,

ಏನೂ ಆಗಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನೀನು ನಿರಾಳವಾಗಿ ಓದಬಹುದು. ಆಗಿಯೇ ಹೋಗುತ್ತಿದ್ದ ಒಂದು ಅನಾಹುತ ಮೊನ್ನೆ ಮಂಗಳವಾರ ಮಧ್ಯಾಹ್ನ ಮೂರೂಕಾಲಿಗೆ ಆಗದೇ ನಿಂತಿತು. ಕೆಲಸದ ನಡುವೆ ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಓರೆಕೋರೆಯಾಗಿದ್ದರೆ ಬೈಯಬೇಡ.

ಏಳು ವರ್ಷದ ಮೇಲೆ ಇವಳಿಗೇನು ಬಂತು ಎಂದು ನೀನು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿರುತ್ತೀ. ವಿಳಾಸ ಕೊಟ್ಟದ್ದು ನಿಮ್ಮಮ್ಮ. ನಿನ್ನೆ ಹೊಲಿಗೆ ಅಂಗಡಿಯ ಬಾಗಿಲೆಳೆದು, ಅಳತೆ ಟೇಪನ್ನು ಕೊರಳಿನಿಂದ ತೆಗೆಯುವುದನ್ನೂ ಮರೆತು ನಮ್ಮ ಕಚೇರಿಗೆ ಬಂದಿದ್ದರು. ನಿನ್ನ ಚಿತ್ರ ಬಂದ ಪುರವಣಿಯ ಹತ್ತು ಪ್ರತಿ ಬೇಕಾಗಿತ್ತಂತೆ. ನನ್ನನ್ನು ಕಂಡವರೇ, "ಅಯ್ಯೋ ಪಿಸು! ಇದೇ ಊರಲ್ಲಿದ್ಕೊಂಡು ಮನೆ ಕಡೆ ತಲೆ ಹಾಕಲ್ವಲ್ಲೇ! ನಿನ್ನ ಯೂನಿಫಾರ್ಮಿನ ಅಳತೆ ಇನ್ನೂ ನನ್ನ ಪುಸ್ತಕದಲ್ಲಿದೆ" ಎಂದು ಎಲ್ಲರೆದುರು ಕೆನ್ನೆ ಹಿಂಡಿದರು. ತರಬೇತಿ ಶಿಬಿರದಲ್ಲಿ ನಿಮ್ಮ ಫೋನುಗಳನ್ನೆಲ್ಲ ತೆಗೆದಿಟ್ಟುಕೊಂಡಿದ್ದಾರಂತಲ್ಲ. "ಕಾಗದ ಬರಿ. ನಿಂಗೆ ಮಾತಾಡೋದು ತಾನೇ ಬರಲ್ಲ, ಬರೆಯೋಕೇನು ಧಾಡಿ?" ಎಂದರು.

ಹೊರಡುವಾಗ ಅವರು ಇನ್ನೊಂದು ಮಾತು ಕೇಳಿದರು. ಗುಂಡು ಎಸೆಯುವ ಮೊದಲು ನೀನು ಅದನ್ನು ಕತ್ತಿಗೊತ್ತಿಕೊಂಡು, ಯಾರೋ ಗುಟ್ಟು ಹೇಳುತ್ತಿರುವ ಹಾಗೆ ಒಂದು ಕ್ಷಣ ಕಣ್ಣು ಮುಚ್ಚುತ್ತೀ ಎಂದು ಲೇಖನದಲ್ಲಿದೆಯಲ್ಲ, ಅದನ್ನು ಬರೆದವರು ಯಾರು ಎಂದು. "ಹತ್ರದಿಂದ ನೋಡಿದವರೇ ಇರಬೇಕು ಕಣೇ. ನಾನು ಹೆತ್ತೋಳು, ನಂಗೇ ಅದು ಕಂಡಿರಲಿಲ್ಲ." ನಮ್ಮ ವರದಿಗಾರರು ಎಂದೆ. ಸುಳ್ಳು. ವರದಿಗೆ ಆ ಸಾಲು ಸೇರಿಸಿದವಳು ನಾನು. ಹತ್ತಿರದಿಂದ ನೋಡಿದ್ದೂ ಸುಳ್ಳು. ಕಳೆದ ತಿಂಗಳ ಕ್ರೀಡಾಕೂಟದಲ್ಲಿ ಕ್ರೀಡಾಂಗಣದ ಅತಿ ಮೇಲಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದೆ. ನಿನಗೆ ಎರಡನೇ ಸ್ಥಾನ ಬಂತೆಂದು ಘೋಷಿಸಿದಾಗ ಎಲ್ಲರೂ ಎದ್ದು ಕೂಗಿದರು. ನಾನೂ ಎದ್ದೆ. ಕೂಗುವ ಬದಲು ಚಪ್ಪಾಳೆ ತಟ್ಟಿದೆ.

ಇಲ್ಲಿ ನನ್ನ ಕೆಲಸ ಕರಡು ತಿದ್ದುವುದು. ಸಾಹಿತ್ಯ ಓದಿದವಳಿಗೆ ಮಾತಾಡದೆ ಮಾಡಬಹುದಾದ ಕೆಲಸ ಇದೊಂದೇ ಸಿಕ್ಕಿತು. ಬುಧವಾರದ ಪುರವಣಿ ನಮ್ಮೂರಿನ ಆಟಗಾರರದ್ದು, ಕಲಾವಿದರದ್ದು. ಈ ಸಲ ಮೊದಲ ಪುಟಕ್ಕೆ ದೊಡ್ಡದೊಂದು ಶೀರ್ಷಿಕೆ ಇರಲಿ ಎಂದು ಸಂಪಾದಕರು ಹೇಳಿದರು: ನಮ್ಮೂರ ಹೆಮ್ಮೆ. ಅದರ ಕೆಳಗೆ ಅರ್ಧ ಪುಟ ನೀನು, ಕತ್ತಿಗೊತ್ತಿದ ಗುಂಡು, ಬೆರಳ ತುದಿಯಲ್ಲಿ ಬಿಳಿ ಪುಡಿ. ತಳದಲ್ಲಿ ಅಂಗೈಯಷ್ಟು ಜಾಗದಲ್ಲಿ ನಾಟಕದ ಮೇಷ್ಟ್ರು ಮತ್ತು ಅವರ ತಂಡ.

ಕರಡು ತಿದ್ದುವವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಇರುವೆಯಷ್ಟು ಅಕ್ಷರದ ತಪ್ಪು ಕಣ್ಣಿಗೆ ಬೀಳುತ್ತದೆ, ಆನೆಯಷ್ಟರದ್ದು ಬೀಳುವುದಿಲ್ಲ. ನಿನ್ನ ಲೇಖನದ ಒಂದೊಂದು ಸಾಲನ್ನೂ ಮೂರು ಸಲ ಓದಿದೆ. ಎಸೆತದ ದೂರವನ್ನು ಸೆಂಟಿಮೀಟರಿನವರೆಗೆ ತಾಳೆ ನೋಡಿದೆ. ಶೀರ್ಷಿಕೆಯತ್ತ ತಲೆಯೆತ್ತಿಯೂ ನೋಡದೆ ರುಜು ಹಾಕಿ ಕೆಳಗೆ ಕಳಿಸಿದೆ.

ಮೂರು ಗಂಟೆ ದಾಟಿತ್ತು. ನಾಟಕದ ಮೇಷ್ಟ್ರು ತಮ್ಮ ಚಿತ್ರ ಹೇಗೆ ಬಂದಿದೆ ನೋಡಲು ಬಂದರು. ಅವರು ಎಷ್ಟು ಸಣ್ಣ ಕೋಣೆಯಲ್ಲಿ ಮಾತಾಡಿದರೂ ಕೊನೆಯ ಸಾಲಿನ ಪ್ರೇಕ್ಷಕನಿಗೆ ಕೇಳಿಸಬೇಕು ಎಂಬಂತೆಯೇ ಮಾತಾಡುವವರು. ನನ್ನ ಮೇಜಿನ ಮೇಲಿದ್ದ ಕರಡನ್ನೆತ್ತಿ, ಎದೆಯುಬ್ಬಿಸಿ ಓದಿದರು:

"ನಮ್ಮೂರ... ಎಮ್ಮೆ!"

ಆಮೇಲೆ ಗಡ್ಡ ಕೆರೆದುಕೊಂಡು, "ಇದೇನಮ್ಮ, ಈ ವಾರ ಪಶುಸಂಗೋಪನೆ ಪುರವಣಿನಾ? ಮತ್ತೆ ನಮ್ಮನ್ಯಾಕೆ ಹಾಕಿದೀರಿ?" ಎಂದರು.

ನಾನು ನೋಡಿದೆ. ಹೌದು. ಆನೆಗಾತ್ರದ ಅಕ್ಷರದಲ್ಲಿ "ಹೆ" ಇರಬೇಕಾದ ಕಡೆ "ಎ" ಕೂತಿತ್ತು. ಅದರ ಕೆಳಗೆ ನೀನು.

ಪುಟ್ಟಿ, ಆಗ ನಾನು ಓಡಿದ್ದನ್ನು ನೀನು ನೋಡಬೇಕಿತ್ತು. ಶಾಲೆಯ ಓಟದಲ್ಲಿ ಪ್ರತಿ ವರ್ಷ ಕೊನೆಯವಳಾಗಿ ಬರುತ್ತಿದ್ದವಳು ಎರಡೆರಡು ಮೆಟ್ಟಿಲು ಹಾರಿ ಹಿತ್ತಲಿನ ಮುದ್ರಣದ ಶೆಡ್ಡಿಗೆ ಬಂದೆ. ಯಂತ್ರ ಆಗಲೇ ಓಡುತ್ತಿತ್ತು. ಮೆಷಿನ್ ಮಾಮ ಅದರ ಸದ್ದಿಗೆ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ನನಗೆ ಬೆನ್ನು ಹಾಕಿ ನಿಂತಿದ್ದರು. "ಮಾಮಾ, ನಿಲ್ಸಿ" ಎಂದೆ. ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಎಂದೆ. ಮಡಿಕೆಯಾದ ಪುರವಣಿಗಳು ಒಂದರ ಮೇಲೊಂದು ಬೀಳುತ್ತಲೇ ಇದ್ದವು. ಪ್ರತಿಯೊಂದರಲ್ಲೂ ನೀನು ಕಣ್ಣು ಮುಚ್ಚಿಕೊಂಡಿದ್ದೆ.

ಆಗ ನನ್ನೊಳಗಿಂದ ಒಂದು ದನಿ ಬಂತು. ಅದು ನನ್ನದೇ ಎಂದು ನಂಬಲು ಈಗಲೂ ಆಗುವುದಿಲ್ಲ. "ನಿಲ್ಸ್ರೀ!"

ಮಾಮ ಬೆಚ್ಚಿಬಿದ್ದು ಗುಂಡಿ ಒತ್ತಿದರು. ಹತ್ತಿ ಕಿತ್ತು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೂಗಿದ್ದು ನೀನಾ? ಎರಡು ವರ್ಷದಿಂದ ನಿಂಗೆ ಮಾತೇ ಬರಲ್ಲ ಅಂದ್ಕೊಂಡಿದ್ದೆ ಕಣಮ್ಮ! ಪಾಪ ಅಂತ ಕೈಸನ್ನೆ ಮಾಡ್ತಿದ್ದೆ" ಎಂದರು.

ಮುನ್ನೂರರಷ್ಟು ಪ್ರತಿ ಅಚ್ಚಾಗಿತ್ತು, ಒಂದೂ ಹೊರಗೆ ಹೋಗಿರಲಿಲ್ಲ. ನಾನೂ ನಾಟಕದ ಮೇಷ್ಟ್ರೂ ನೆಲದ ಮೇಲೆ ಕೂತು ಅಷ್ಟನ್ನೂ ಹರಿದೆವು. ತಮ್ಮ ಚಿತ್ರವೂ ಹರಿದುಹೋಗುತ್ತಿದೆ ಎಂದು ಅವರು ಪ್ರತಿ ಹಾಳೆಗೂ ನಿಟ್ಟುಸಿರು ಬಿಡುತ್ತಿದ್ದರು. ಐದು ಗಂಟೆಗೆ ಸರಿಯಾದ ಪುಟ ಯಂತ್ರಕ್ಕೇರಿತು. ನಿಮ್ಮಮ್ಮ ಒಯ್ದದ್ದು ಅದನ್ನೇ. ಅದನ್ನು ಮಡಿಸುವಾಗ ಮಡಿಕೆ ನಿನ್ನ ಮುಖದ ಮೇಲೆ ಬರದಂತೆ ಎಷ್ಟು ಜೋಪಾನ ಮಾಡಿದರು ಗೊತ್ತಾ!

ತಪ್ಪು ಯಾರದ್ದು ಎಂದು ಸಂಪಾದಕರು ಕೇಳಿದರು. ಎಲ್ಲರೂ ಡಿಟಿಪಿ ಅಕ್ಕನ ಕಡೆ ನೋಡಿದರು. ಪುಟಗಳನ್ನು ಟೈಪು ಮಾಡಿ ಜೋಡಿಸುವವಳು ಅವಳೇ. ಅದಕ್ಕಿಂತ ಹೆಚ್ಚಾಗಿ, ಅವಳ ಬಾಯಲ್ಲಿ ಹಕಾರ ಹುಟ್ಟುವುದಿಲ್ಲ. ಹೂವು ಊವಾಗುತ್ತದೆ, ಹತ್ತು ಅತ್ತಾಗುತ್ತದೆ. "ಸಾರ್, ನನ್ನ ಬಾಯಿ ಆಗಾಡುತ್ತೆ ನಿಜ. ಬೆರಳು ಆಗಲ್ಲ. ಅನ್ನೆರಡು ವರ್ಷದಲ್ಲಿ ಒಂದಕ್ಷರ ತಪ್ಪಿದ್ರೆ ಏಳಿ" ಎಂದು ಅವಳು ಹೇಳುವಷ್ಟರಲ್ಲಿ ಯಾರೋ ಕಿಸಕ್ಕೆಂದರು. ಸಂಪಾದಕರು ಇನ್ನು ಒಂದು ತಿಂಗಳು ಅವಳಿಗೆ ಸಣ್ಣ ಜಾಹೀರಾತು ಮಾತ್ರ ಎಂದರು. ಅವಳು ಹೋಗಿ ಕುರ್ಚಿಯ ಮೇಲಿನ ದಿಂಬನ್ನು ತಟ್ಟಿ ಕೂತಳು.

ಇಷ್ಟನ್ನೇ ಬರೆದು ಮುಗಿಸಬಹುದಿತ್ತು. ನೀನು ನಕ್ಕು, ಗೆಳತಿಯರಿಗೆಲ್ಲ ಹೇಳಿ, ಪಿಸು ಕೂಗಿದಳಂತೆ ಎಂದು ಇನ್ನಷ್ಟು ನಗುತ್ತಿದ್ದೆ. ಆದರೆ ಆ ಅಕ್ಷರ ಕಂಡಾಗ ನನ್ನ ಜೀವ ಬಾಯಿಗೆ ಬಂದದ್ದೇಕೆ ಎಂಬುದನ್ನು ಹೇಳದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ.

ಒಂಬತ್ತನೇ ತರಗತಿಯಲ್ಲಿ ನೀನು ಗುಂಡು ಎಸೆತದಲ್ಲಿ ಜಿಲ್ಲೆಗೆ ಮೊದಲಿಗಳಾಗಿ ಬಂದ ಮರುದಿನ ನಮ್ಮ ಟೀಚರ್ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ನಿನ್ನ ಹೆಸರು ಬರೆದು, ಕೆಳಗೆ "ನಮ್ಮ ತರಗತಿಯ ಹೆಮ್ಮೆ" ಎಂದು ಬರೆದಿದ್ದರು. ಊಟದ ಬಿಡುವಿನಲ್ಲಿ ಯಾರೋ ಅದರ ಮೊದಲಕ್ಷರ ಒರೆಸಿ "ಎ" ಮಾಡಿದರು. ನೀನು ಕೈ ತೊಳೆದು ಒಳಗೆ ಬಂದಾಗ ಇಡೀ ತರಗತಿ ನಗುತ್ತಿತ್ತು. ನೀನು ಡಸ್ಟರ್ ಕೈಗೆತ್ತಿಕೊಂಡೆ, ಯಾಕೋ ಹಾಗೇ ಕೆಳಗಿಟ್ಟೆ, ಬಂದು ನನ್ನ ಪಕ್ಕ ಕೂತೆ. ಟೀಚರ್ ಕೊನೆಯ ಬೆಂಚಿನವರನ್ನೆಲ್ಲ ಎರಡು ಪಿರಿಯಡ್ ನಿಲ್ಲಿಸಿದರು.

ಅದು ನಾನು, ಪುಟ್ಟಿ.

ಮೊದಲ ಬೆಂಚಿನ, ಬಾಯಿ ಸತ್ತ ಹುಡುಗಿಯನ್ನು ಯಾರು ಕೇಳುತ್ತಾರೆ? ನಿನ್ನ ಮೇಲೆ ನನಗೆ ಕೋಪವಿರಲಿಲ್ಲ. ಹೊಟ್ಟೆಕಿಚ್ಚು ಸ್ವಲ್ಪ ಇತ್ತು, ಇಲ್ಲವೆನ್ನುವುದಿಲ್ಲ. ಹೆಚ್ಚಿನದೇನೆಂದರೆ, ಖಾಲಿ ತರಗತಿಯಲ್ಲಿ ಒಬ್ಬಳೇ ಬೋರ್ಡನ್ನು ನೋಡುತ್ತ ಕೂತಿದ್ದವಳಿಗೆ ಆ ಎರಡು ಪದಗಳ ನಡುವೆ ಒಂದೇ ಅಕ್ಷರದ ಅಂತರ ಕಂಡಿತು. ಎಷ್ಟು ಜಾಣೆ ನಾನು ಅನ್ನಿಸಿತು. ನಾನು ಬರೆದದ್ದಕ್ಕೆ ಒಂದು ಕೋಣೆ ತುಂಬ ಜನ ನಕ್ಕಿದ್ದು ಅದೇ ಮೊದಲು. ಆ ನಗು ನನಗೆ ಸಿಹಿಯಾಗಿತ್ತು, ನೀನು ಒಳಗೆ ಬರುವವರೆಗೆ.

ಸಂಜೆ ಮನೆಗೆ ನಡೆಯುವಾಗ ನೀನು "ಯಾರು ಬರೆದಿರಬಹುದು ಕಣೇ?" ಎಂದು ಕೇಳಿದೆ. "ಯಾರೋ. ಬಿಡು" ಎಂದೆ. ಆಮೇಲೆ ನೀನು ವರ್ಷವಿಡೀ ಮೈದಾನಕ್ಕೆ ಹೋಗಲಿಲ್ಲ. ಡಬ್ಬಿಯಲ್ಲಿ ಅರ್ಧ ಊಟ ಬಿಟ್ಟು, ನನಗೆ ಹಸಿವಿಲ್ಲ, ನೀನೇ ತಿನ್ನು ಎನ್ನುತ್ತಿದ್ದೆ. ಯಾಕೆ ಬಿಡುತ್ತೀ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಿಂದೆ. ಎಂಟು ವರ್ಷದಿಂದ ನನ್ನನ್ನು ಕೊರೆಯುತ್ತಿರುವುದು ಬೋರ್ಡಿನ ಮೇಲಿನ ಅಕ್ಷರಕ್ಕಿಂತ ಹೆಚ್ಚಾಗಿ ಆ ಊಟ.

ಹತ್ತನೇ ತರಗತಿ ಮುಗಿಸಿ ನೀನು ಮತ್ತೆ ಗುಂಡು ಹಿಡಿದೆಯಂತೆ, ಕ್ರೀಡಾ ಹಾಸ್ಟೆಲಿಗೆ ಹೋದೆಯಂತೆ ಎಂದು ಕೇಳಿದಾಗ ನನಗೆ ಹೇಳತೀರದಷ್ಟು ಸಮಾಧಾನವಾಯಿತು. ಅಷ್ಟೇ ಹೆದರಿಕೆಯೂ ಆಯಿತು, ಎಲ್ಲಾದರೂ ಎದುರಾದರೆ ಏನು ಹೇಳಲಿ ಎಂದು. ನಾವು ದೂರವಾದದ್ದು ನಿನ್ನ ಹಾಸ್ಟೆಲಿನಿಂದಲ್ಲ. ನಾನು ನಿಮ್ಮ ರಸ್ತೆ ಬಿಟ್ಟು ಸುತ್ತುಬಳಸಿ ನಡೆಯಲು ಶುರುಮಾಡಿದ್ದರಿಂದ. ಮಂಗಳವಾರ ಆ ಪುಟ ಹೊರಗೆ ಹೋಗಿದ್ದರೆ ನೀನು ಅದನ್ನು ಎರಡನೇ ಸಲ, ಇಡೀ ಊರಿನ ಎದುರು ಓದುತ್ತಿದ್ದೆ.

ಹೋಗಲಿಲ್ಲ. ಹಾಗೆಂದು ನೆನೆದಾಗಲೆಲ್ಲ ಒಂದು ದೀರ್ಘ ಉಸಿರು ಬರುತ್ತದೆ. ಈಗ ಇದನ್ನು ಬರೆದ ಮೇಲೆ ಇನ್ನೊಂದು ಬಂತು. ಕ್ಷಮಿಸು ಎಂದು ಕೇಳಲು ನಾಚಿಕೆ, ಕೇಳದಿರಲೂ ಆಗದು. ಕ್ಷಮಿಸು.

ಇಷ್ಟು ವರ್ಷ ಬಾಯಿ ಬಿಡದ
ನಿನ್ನ ಪಿಸು

ಮರೆತ ಮಾತು: ಮರೆತದ್ದಲ್ಲ, ಮರೆಸಿದ್ದು. ಮೇಲೆ ರುಜು ಹಾಕಿ, ಕಾಗದ ಮಡಿಸಿ, ಮತ್ತೆ ಬಿಚ್ಚಿದ್ದೇನೆ. ಪುರವಣಿಯ ಶೀರ್ಷಿಕೆ ಟೈಪು ಮಾಡಿದ್ದು ಡಿಟಿಪಿ ಅಕ್ಕ ಅಲ್ಲ. ಸೋಮವಾರ ಅವಳು ಊಟಕ್ಕೆ ಹೋಗಿದ್ದಾಗ ಅವಳ ಕುರ್ಚಿಯಲ್ಲಿ ಕೂತು ನಾನೇ ಮಾಡಿದೆ. ಬೇಕೆಂದು ಮಾಡಲಿಲ್ಲ, ನಂಬು. ನಿನ್ನ ಚಿತ್ರ ನೋಡುತ್ತಿದ್ದೆ, ಬೆರಳು ತಾನೇ ಓಡಿತು. ಎಂಟು ವರ್ಷದಿಂದ ನಿನ್ನ ಹೆಸರಿನ ಪಕ್ಕದಲ್ಲಿ ನನ್ನ ತಲೆಯೊಳಗೆ ಕೂತಿದ್ದ ಪದವೇ ಬಂದುಬಿಟ್ಟಿತು. ಮಂಗಳವಾರ ಎಲ್ಲರೂ ಅವಳ ಕಡೆ ನೋಡಿದಾಗ, ಯಂತ್ರ ನಿಲ್ಲಿಸಿದ ಆ ದನಿ ಮತ್ತೆ ಎಲ್ಲೋ ಅಡಗಿತ್ತು.

ನಿನಗೆ ಒಂದನ್ನು ಹೇಳಿ ಇದನ್ನು ಬಚ್ಚಿಟ್ಟರೆ ಏನು ಬಂತು? ಈಗಷ್ಟೇ ಎದ್ದುಹೋಗಿ ಸಂಪಾದಕರಿಗೆ ಹೇಳಿ ಬಂದೆ. ಅವರು ಕನ್ನಡಕ ಒರೆಸಿಕೊಂಡು, "ಹಾಗಾದ್ರೆ ಸಣ್ಣ ಜಾಹೀರಾತು ನಿಂಗೆ" ಎಂದರು. ತಾವೇ ಎದ್ದು ಅಕ್ಕನ ಮೇಜಿಗೆ ಹೋಗಿ, ನನಗೆ ಕೇಳಿಸದಷ್ಟು ಮೆಲ್ಲಗೆ ಏನೋ ಹೇಳಿದರು. ಆಮೇಲೆ ಅಕ್ಕ ನನ್ನನ್ನು ಕರೆದಳು. "ನನ್ ಕುರ್ಚೀಲಿ ನೀನಲ್ದೆ ಇನ್ಯಾರು ಕೂರ್ತಾರೆ? ಕೀಲಿಮಣೆ ತುಂಬ ನೀನು ತಿನ್ನೋ ಬಿಸ್ಕತ್ತಿನ ಪುಡಿ. ತಾನಾಗಿ ಏಳ್ತಾಳೋ ಇಲ್ವೋ ನೋಡೋಣ ಅಂತ ಸುಮ್ನಿದ್ದೆ. ಎರಡು ದಿನ ತಗೊಂಡೆ." ಎಂಟು ವರ್ಷಕ್ಕೆ ಹೋಲಿಸಿದರೆ ಇದು ಬೇಗ ಅಕ್ಕ, ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು.

ಇಲ್ಲಿ ಊರಿನಲ್ಲಿ ನಿನಗೆ ಸನ್ಮಾನವಿರುವುದು ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ. ಆ ಬೆಳಗ್ಗೆ ರೈಲು ನಿಲ್ದಾಣಕ್ಕೆ ನಿಮ್ಮಮ್ಮನ ಜೊತೆ ನಾನೂ ಬರುತ್ತೇನೆ. ನೀನು ಮಾತಾಡಲೇಬೇಕೆಂದಿಲ್ಲ. ನಿನ್ನ ಬ್ಯಾಗುಗಳಲ್ಲಿ ಒಂದನ್ನು ನನ್ನ ಕೈಗೆ ಕೊಟ್ಟರೆ ನನಗೆ ತಿಳಿಯುತ್ತದೆ. ಕೊಡದಿದ್ದರೂ ತಿಳಿಯುತ್ತದೆ, ಹಿಂದೆ ಹಿಂದೆ ನಡೆದುಬರುತ್ತೇನೆ.

ಕೊಡುವುದಾದರೆ ಗುಂಡು ಇರುವುದನ್ನೇ ಕೊಡು.