ಹಿಂದಿನ ಗೇಟಿನ ಗದ್ದಲ

೩ ಫೆಬ್ರುವರಿ, ಸೋಮವಾರ

ಇವರು ಥರ್ಡ್ ಶಿಫ್ಟ್ ಮುಗಿಸಿ ಬಂದ್ರು. ಅವಲಕ್ಕಿ ತಿಂದು ಮಲಗಿದ್ರು. ಪರದೆ ಎಳದೆ. ಫೋನ್ ಸೈಲೆಂಟ್. ಕುಕ್ಕರ್ ಇಡಲಿಲ್ಲ. ಇವರು ಮಲಗಿದಾಗ ಹೊಲಿಗಿ ಮಷೀನ್ ತುಳಿಯೂದಿಲ್ಲ — ಬ್ಲೌಸಿಗೆ ಹುಕ್ಕು ಹಚ್ಚೂದು, ಹೆಮ್ಮಿಂಗ್, ಅಷ್ಟ.

ಕಣ್ಣು ಹತ್ತಿರಬೇಕು, ಹಿಂದಿನ ದವಾಖಾನಿಯ ಜನರೇಟರ್ ಶುರು ಆತು. ಟೆಸ್ಟಿಂಗ್ ಅಂತ. ದಿನಾ ಏನು ಟೆಸ್ಟಿಂಗೋ. ಸ್ಟ್ಯಾಂಡಿನ್ಯಾಗ ತಾಟು ನಡಗ್ತಾವ. ಅದು ನಿಂತ್ರ ಅಂಬುಲೆನ್ಸು. ಅಂಬುಲೆನ್ಸ್ ನಿಂತ್ರ ಹಿಂದಿನ ಗೇಟಿನ ಅಳು. ಸತ್ತವರನ್ನ ಆ ಗೇಟಿನಿಂದ ಕೊಡ್ತಾರ. ಮಂದಿ ನಮ್ಮ ಬೆಡ್‌ರೂಮಿನ ಕಿಡಕಿ ಕೆಳಗ ನಿಂತು ಅಳ್ತಾರ. ಜನರೇಟರಿಗೆ ನಿದ್ದಿ ರೂಢಿ ಆಗ್ತದಂತ, ಅಳೂದಕ್ಕ ಆಗೂದಿಲ್ಲಂತ. ಇವರ ಹೇಳಿದ್ದು.

ಹೊತ್ತು ನೆತ್ತಿಗೆ ಬರೂದ್ರಾಗ ಎದ್ದು ಕೂತ್ರು. ಕಣ್ಣು ಕೆಂಪು. ಊರು ಬಿಟ್ಟು ಈ ನಿಗಡಿಗೆ ಬಂದಾಗ ಹಿಂದ ಬರೇ ಖಾಲಿ ಜಾಗ ಇತ್ತು, ಗಾಳಿ ಛಲೋ ಬರ್ತದ ಅಂತ ಈ ಫ್ಲ್ಯಾಟ್ ನಾನ ಆರಿಸಿದ್ದು.

೬ ಫೆಬ್ರುವರಿ, ಗುರುವಾರ

ಇವರಿಗೆ ವಾರದ ರಜಾ. ಊಟಕ್ಕ ಕೂತಾಗ ಮಾತಿನ್ಯಾಗ ಮಾತು ಬಂತು. ಮೊನ್ನೆ ಚಿಂಚವಾಡದ ಕಂಪನಿಯೊಳಗ ತಗಡು ಒತ್ತೂ ಪ್ರೆಸ್ ಮುಂದ ನಿಂತಲ್ಲೇ ತೂಕಡಿಕಿ ಬಂತಂತ. ಬಾಜೂದ ಮಷೀನಿನ ಸುಖೇಶ್ ರಟ್ಟೆ ಹಿಡಿದು ಜಗ್ಗಿದನಂತ. ಇಲ್ಲಂದ್ರ…

ನಕ್ಕೋತ ಹೇಳಿದ್ರು. ಇವರ ಕೈ ನೋಡಿದೆ. ಅನ್ನ ಕಲಸಾಕ ಹತ್ತಿತ್ತು.

ಇನ್ನ ಸುಮ್ನ ಕೂಡೂದಿಲ್ಲ.

೯ ಫೆಬ್ರುವರಿ, ಭಾನುವಾರ

ಪಾರ್ಕಿಂಗಿನಾಗ ಸೊಸಾಯಟಿ ಮೀಟಿಂಗ್. ಚೇರ್ಮನ್ ಕೇತಕಿ ತಾಯಿ — ಮರಾಠಿಯೊಳಗ ಅಕ್ಕಗ ತಾಯಿ ಅಂತಾರ, ನಮ್ಮ ಮ್ಯಾಲಿನ ಮನಿಯವರು — ಲ್ಯಾಪ್‌ಟಾಪ್ ತಂದಿದ್ರು. ದವಾಖಾನಿಗೆ, ಪಾಲಿಕೆಗೆ ತಕರಾರು ಅರ್ಜಿ. ಜನರೇಟರ್, ಸೈರನ್, ಕಸದ ಗಾಡಿ — ಎಲ್ಲಾ ಬರದ್ರು. ಇನ್ನೇನರ ಅದ ಏನು ಅಂತ ಕೇಳಿದ್ರು. ಎಲ್ಲಾರ ಮನಸಿನ್ಯಾಗೂ ಅದ ಇತ್ತು, ಹೇಳೂದು ಹೆಂಗ ಅಂತ.

ನಾನ ಹೇಳಿದೆ. ಹಿಂದಿನ ಗೇಟಿಗೆ ಮಂದಿ ಅಳೂದು ಅಂತ.

ಕೇತಕಿ ತಾಯಿ ಒಂದು ಕ್ಷಣ ನನ್ನ ಮಾರಿ ನೋಡಿ ಟೈಪ್ ಮಾಡಿದ್ರು. ಛಂದ ಮರಾಠಿಯೊಳಗ — ‘ಮೃತಾಂಚ್ಯಾ ನಾತೇವಾಯಿಕಾಂಚಾ ಆಕ್ರೋಶ’, ಸತ್ತವರ ಬಳಗದವರ ಗೋಳಾಟ ಅಂತ. ಓದಿದ್ರ ಯಾರಿಗೂ ಕೆಟ್ಟ ಅನಸೂದಿಲ್ಲ.

೧೨ ಫೆಬ್ರುವರಿ, ಬುಧವಾರ

ಸಹಿ ತಗೋಳಾಕ ಮನಿ ಮನಿ ತಿರುಗಿದೆ. ಕಡೀಕ ಕೆಳಗಿನ ಕಲ್ಲವ್ವ ಅತ್ತಿ ಮನಿ. ಅತ್ತಿ ಅಂತ ಕರಿಯೂದು ರೂಢಿ. ರಾಮದುರ್ಗದ ಕಡೆಯವರು, ನಮ್ಮ ಊರಿಗೆ ಸಮೀಪ, ಅಷ್ಟ ಸಂಬಂಧ. ರೊಟ್ಟಿ ತಟ್ಟಿ ಇಡೀ ಬಿಲ್ಡಿಂಗಿಗೆ ಕೊಡ್ತಾರ. ಗಂಡ ರಾಮಲಿಂಗಪ್ಪ ಮಾವ ಬಾಗಲ ಮುಂದ ಖುರ್ಚಿ ಹಾಕ್ಕೊಂಡು ಹೋಗೂ ಬರೂವರನ್ನ ಮಾತಾಡಸ್ತಾರ.

ಅತ್ತಿಗೆ ಮರಾಠಿ ಓದಾಕ ಬರೂದಿಲ್ಲ. ಏನ್ ಬರದದ ಅಂತ ಕೇಳಿದ್ರು. ಜನರೇಟರ್ ಅಂದೆ, ಸೈರನ್ ಅಂದೆ. ಅಲ್ಲಿಗೆ ನಿಲ್ಲಿಸಿದೆ.

“ಮಾಂತೂಗ ನಿದ್ದಿ ಆಗ್ತದಲ್ಲ, ಹಂಗಾರ ಎಲ್ಲಿ ಮಾಡಲಿ ತೋರಸು,” ಅಂದ್ರು. ಇವರನ್ನ ಅತ್ತಿ ಮಾಂತು ಅಂತಾರ. ಹಿಟ್ಟಿನ ಕೈ ಸೆರಗಿಗೆ ಒರಸ್ಕೊಂಡು ಸಹಿ ಮಾಡಿದ್ರು. ಮ್ಯಾಲ ಎರಡು ರೊಟ್ಟಿ ಕಟ್ಟಿ ಕೊಟ್ರು.

ಮೆಟ್ಟಲಾ ಏರೂವಾಗ ರೊಟ್ಟಿ ಬಿಸಿ ಇದ್ದವು. ಕೆಳಗ ಹೋಗಿ ಪೂರಾ ಹೇಳಿ ಬರಲೇನು ಅಂತ ಅನಿಸ್ತು. ಹೋಗಲಿಲ್ಲ.

೧೫ ಫೆಬ್ರುವರಿ, ಶನಿವಾರ

ಇವತ್ತ ಗೇಟಿಗೆ ಅತ್ತಾಕಿ ನಮ್ಮ ಕಡೆಯಾಕಿ. ಕನ್ನಡದಾಗ, ರಾಗ ಮಾಡಿ, ಒಂದೊಂದ ಮಾತು ಹೇಳಿ ಹೇಳಿ ಅಳಾಕ ಹತ್ತಿದ್ಲು. ಇವರು ಹೊರಳಾಡಿದ್ರು, ದಿಂಬು ಕಿವಿ ಮ್ಯಾಲ ಹಾಕ್ಕೊಂಡ್ರು. ಕಿಡಕಿ ತಗದು ಮರಾಠಿಯೊಳಗ ಕೂಗಿದೆ — ಹಳೂ ಅಳ್ರಿ, ಮನಿಯೊಳಗ ಮಂದಿ ಮಲಗ್ಯಾರ ಅಂತ. ಕನ್ನಡದಾಗ ಕೂಗಾಕ ಬಾಯಿ ಬರಲಿಲ್ಲ.

ಆಕಿ ಮ್ಯಾಲ ನೋಡಿದ್ಲು. ಅಷ್ಟೊತ್ತಿಗೆ ಕಲ್ಲವ್ವ ಅತ್ತಿ ತಂಬಿಗಿ ನೀರು ತಗೊಂಡು ಅಲ್ಲಿಗೆ ಹೋಗಿದ್ರು. ಅವರೂ ನೋಡಿದ್ರು. ಕಿಡಕಿ ಹಾಕಿದೆ.

೫ ಮಾರ್ಚ್, ಬುಧವಾರ

ದವಾಖಾನಿಯಿಂದ ಉತ್ತರ ಬಂತು. ಕೇತಕಿ ತಾಯಿ ಗ್ರೂಪಿನ್ಯಾಗ ಹಾಕ್ಯಾರ. ಜನರೇಟರಿಗೆ ಸದ್ದು ತಡಿಯೂ ಡಬ್ಬಿ ಕೂಡಸಬೇಕಂತ, ಮುಂದಿನ ವರ್ಷ ಆದೀತಂತ. ಸೈರನ್ ಬಗ್ಗೆ ವಿಚಾರ ಮಾಡ್ತಾರಂತ. ಹಿಂದಿನ ಗೇಟು ಮಾತ್ರ ಇವತ್ತಿಂದನ ಬಂದ್. ಇನ್ನ ಸತ್ತವರನ್ನ ಬೇಸ್‌ಮೆಂಟಿನಿಂದ ಕೊಡ್ತಾರ. ಮನಿಯವರು ಇಬ್ರಿಗಿಂತ ಹೆಚ್ಚು ಮಂದಿ ಇಳಿಯೂ ಹಂಗಿಲ್ಲ. ‘ಶಾಂತತಾ ರಾಖಾ’, ಶಾಂತ ಇರ್ರಿ ಅಂತ ಬೋರ್ಡು. ವಾಚ್‌ಮನ್ ಬೇರೆ.

ಎಲ್ಲಾದಕ್ಕಿಂತ ಸಸ್ತಾ ಇದ್ದದ್ದು ಮೊದಲ ಆತು.

ಗ್ರೂಪಿನ್ಯಾಗ ನನ್ನ ಹೆಸರಿಗೆ ಹೂವು, ಚಪ್ಪಾಳಿ. ಇವರು ಮಧ್ಯಾಹ್ನ ಊಟಾನೂ ಮರೆತು ಮಲಗಿದ್ರು. ಗೊರಕಿ. ಬಾಗಲದಾಗ ನಿಂತು ಕೇಳಿದೆ. ಎಷ್ಟು ತಿಂಗಳಾಗಿತ್ತೋ.

೩೦ ಮಾರ್ಚ್, ಭಾನುವಾರ — ಯುಗಾದಿ

ಎದುರು ಮನ್ಯಾಗ ಮರಾಠಿ ಪದ್ಧತಿಲೆ ಕೋಲಿಗೆ ಸೀರಿ ಕಟ್ಟಿ ಗುಡಿ ಏರಿಸ್ಯಾರ, ನಮ್ಮ ಮನ್ಯಾಗ ಬೇವು-ಬೆಲ್ಲ. ಕಲ್ಲವ್ವ ಅತ್ತಿ ಹೋಳಿಗಿ ಕಳಿಸಿದ್ರು. ತಗೊಂಡು ಬಂದವರು ರಾಮಲಿಂಗಪ್ಪ ಮಾವ, ಲಿಫ್ಟ್ ಬಂದ್ ಇತ್ತಂತ ಮೆಟ್ಟಲಾ ಏರಿ. ಏದುಸಿರು. ಸೋಫಾದ ಮ್ಯಾಲ ಕೂತು ನೀರು ಕುಡದ್ರು. ಆಮ್ಯಾಲ ಇವರ ಮಾರಿ ನೋಡಿ, ಮಾಂತು ಈಗ ಮದಿವಿ ಗಂಡು ಆಗ್ಯಾನ ಬಿಡು, ನಿದ್ದಿ ಅಂದ್ರ ನಿದ್ದಿ ಅಂದ್ರು. ನಕ್ವಿ.

ಇವರು ಕೆಳಗಿನ ತನಕ ಕೈ ಹಿಡಿದು ಬಿಟ್ಟು ಬಂದ್ರು.

೮ ಏಪ್ರಿಲ್, ಮಂಗಳವಾರ

ಮಾವನ್ನ ದವಾಖಾನಿಗೆ ಹಾಕ್ಯಾರ. ಹಿಂದಿನದಕ್ಕ. ಎದಿಯೊಳಗ ನೀರು ತುಂಬ್ಯದಂತ. ನಡಕೋತನ ಹೋದ್ರು. ಸಮೀಪ ಅದ, ಛಲೋ ಆತು ಅಂದ್ರು ಅತ್ತಿ. ಮಗಳು ಮಾಧುರಿ ಕುರಕುಂಭದಾಗ. ಗಂಡ ಅಲ್ಲಿ ಕೆಮಿಕಲ್ ಕಂಪನಿಯೊಳಗ. ನಾಳೆ ಬಂದು ಹೋಗ್ತಾಳಂತ.

ಡಬ್ಬಿ ನಾನು ಒಯ್ದು ಕೊಡ್ತೀನಿ ಅಂದೀನಿ.

೧೨ ಏಪ್ರಿಲ್, ಶನಿವಾರ

ಮಾವ ಹೋದ್ರು.

೧೫ ಏಪ್ರಿಲ್, ಮಂಗಳವಾರ

ಬರೀಬೇಕು. ಬರೀದಿದ್ರ ತಲಿಯೊಳಗ ಅದ ತಿರಗ್ತದ.

ಶನಿವಾರ ಮಧ್ಯಾಹ್ನ ಡಬ್ಬಿ ತಗೊಂಡು ಹೋದಾಗ ಅತ್ತಿ ಐಸಿಯು ಹೊರಗ ಬೆಂಚಿನ ಮ್ಯಾಲ ಇದ್ರು. ಡಾಕ್ಟರ್ ಬಂದು ಇಂಗ್ಲೀಷಿನ್ಯಾಗ ಹೇಳಿದ್ರು. ಅತ್ತಿಗೆ ತಿಳೀಲಿಲ್ಲ, ನನ್ನ ಮಾರಿ ನೋಡಿದ್ರು. ನಾನ ಕನ್ನಡದಾಗ ಹೇಳಬೇಕಾತು. ಇವರನ್ನ ಎಬ್ಬಸಬೇಕಂತ ಫೋನ್ ತಗದೆ. ಮಲಗ್ಯಾರ, ಇನ್ನೊಂದು ತಾಸು ಮಲಗಲಿ ಅಂತ ಬ್ಯಾಗಿನ್ಯಾಗ ಹಾಕಿದೆ.

ಮಾಧುರಿ ಬಸ್ಸಿನ್ಯಾಗಿದ್ಲು. ಬೇಸ್‌ಮೆಂಟಿಗೆ ಅತ್ತಿ, ನಾನು, ಇಬ್ರ. ಟ್ಯೂಬ್‌ಲೈಟು, ಫಿನಾಯಿಲ್ ವಾಸನಿ, ಕಾರಿನ ಸಾಲು. ಸ್ಟ್ರೆಚರ್ ತಂದ್ರು. ಅತ್ತಿ ಮಾವನ ಮಾರಿ ಮುಟ್ಟಿದ್ರು. ಗಲ್ಲ ಸವರಿದ್ರು. ಆಮ್ಯಾಲ ಬಾಯಿ ತಗದ್ರು — ರಾಗ ತಗೊಂಡ್ರು. ಫೆಬ್ರುವರಿಯಾಗ ಗೇಟಿಗೆ ಆಕಿ ಅತ್ತಿದ್ಲಲ್ಲ, ಹಂಗ. ಒಂದು ಮಾತು ಅಷ್ಟ ಬಂತು. ಆ ಬೇಸ್‌ಮೆಂಟಿನ್ಯಾಗ ಅದು ಭಾಳ ದೊಡ್ಡದಾಗಿ ಕೇಳಸ್ತು.

ವಾಚ್‌ಮನ್ ಬಾಳಕೃಷ್ಣ ಓಡಿ ಬಂದ. ವಯಸ್ಸಾದ ಮನುಷ್ಯ, ಕೆಟ್ಟವಲ್ಲ. ಕೈ ಮುಗಿದು, ಆಜಿ, ಅಳಬ್ಯಾಡ್ರಿ ಅಂದ. ನನ್ನ ಗುರುತು ಹಿಡಿದ. “ಮ್ಯಾಡಮ್, ತುಮಚ್ಯಾಚ ಸೊಸಾಯಟೀಚೀ ತಕ್ರಾರ್ ಆಹೆ,” ಅಂದ. ನಿಮ್ಮದ ಸೊಸಾಯಟೀದ ತಕರಾರು ಇದು ಅಂತ. ಗದ್ದಲಾದ್ರ ತನ್ನ ಕೆಲಸ ಹೋಗ್ತದಂತ.

ನಾ ಏನ್ ಮಾಡಬೇಕಿತ್ತು. ಹೋಗ್ಲಿ ಬಿಡ್ರಿ ಅನ್ನಬಹುದಿತ್ತು. ತಕರಾರು ಮಾಡಿದಾಕಿ ನಾನ, ನಾನ ಹೇಳ್ತೀನಿ, ಅಳಾಕ ಬಿಡ್ರಿ ಅನ್ನಬಹುದಿತ್ತು.

ಅತ್ತಿ ಹೆಗಲಿನ ಮ್ಯಾಲ ಕೈ ಇಟ್ಟು, “ಸುಮ್ನಿರ್ರಿ ಅತ್ತಿ,” ಅಂದೆ. ನಾಚಿಕಿ ಆಗಿತ್ತು. ವಾಚ್‌ಮನ್ ಮುಂದ ನನಗ ನಾಚಿಕಿ ಆಗಿತ್ತು, ಅದಕ್ಕ.

ಅತ್ತಿ ಸೆರಗು ಬಾಯಾಗ ತುರುಕಿಕೊಂಡ್ರು. ಭುಜ ಅಷ್ಟ ಅಳ್ಳಾಡ್ತಿತ್ತು. ಆಮ್ಯಾಲ ಅದೂ ನಿಂತಿತು.

ಮಣ್ಣು ಮುಗಿಯೂ ತನಕ ಒಂದ ಹನಿ ಇಲ್ಲ. ಮಾಧುರಿ ಬಿದ್ದು ಒದ್ದಾಡಿ ಅತ್ಲು. ಅತ್ತಿ ಆಕಿಗೆ, ಹಳೂ, ಹಳೂ, ಮ್ಯಾಲಿನ ಮನಿಯವರು ಮಲಗಿರ್ತಾರ ಅಂದ್ರು.

ಬಿಲ್ಡಿಂಗಿನ ಮಂದಿ ಎಲ್ಲಾ ಹೊಗಳಿದ್ರು. ಎಷ್ಟು ಗಟ್ಟಿ ಹೆಂಗಸು ಅಂತ.

೨೪ ಏಪ್ರಿಲ್, ಗುರುವಾರ

ಇವರಿಗೆ ಎಲ್ಲಾ ಹೇಳಿದೆ. ಆ ಮಾತು ಅರ್ಜಿಯೊಳಗ ಸೇರಿಸಿದ್ದು, ಅತ್ತಿಗೆ ಓದಿ ಹೇಳದ ಸಹಿ ತಗೊಂಡಿದ್ದು, ಬೇಸ್‌ಮೆಂಟ್.

ಬಯ್ಯಲಿ ಅಂತ ಕಾದೆ. “ನಾ ಮಲಗಿದ್ದೆ,” ಅಂದ್ರು. ಇಷ್ಟ. ಎದ್ದು ಗ್ಯಾಲರಿಗೆ ಹೋಗಿ ನಿಂತ್ರು. ನನಗ ಬೈದದ್ದೋ, ತಮಗ ಬೈಕೊಂಡದ್ದೋ ತಿಳೀಲಿಲ್ಲ.

೨೮ ಏಪ್ರಿಲ್, ಸೋಮವಾರ

ದವಾಖಾನಿಗೆ ಹೋಗಿದ್ದೆ. ಆಫೀಸಿನವ್ನು ಕೂಡಿಸಿ ನೀರು ಕೊಟ್ಟ. ಗೇಟು ತಗೀರಿ ಅಂದೆ. ನಕ್ಕ. ತೆಗಿಯೋಣ, ಎಲ್ಲಾರೂ ಸಹಿ ಮಾಡಿ ಕೊಡ್ರಿ ಅಂದ.

ಕೇತಕಿ ತಾಯಿ ಹತ್ರ ಹೋದೆ. ಅವರ ಮೊಮ್ಮಗಳು ಅಭ್ಯಾಸ ಮಾಡಾಕ ಹತ್ತಿದ್ಲು. ಅವರು ಕೆಟ್ಟ ಮಾತು ಆಡಲಿಲ್ಲ. ಕಲ್ಲವ್ವನ್ನ ನೆನೆಸಿದ್ರ ನನಗೂ ಸಂಕಟ ಆಗ್ತದ ಅಂದ್ರು. ಆದ್ರ ತ್ರಿವೇಣಿ, ಈಗಷ್ಟ ಕಿಡಕಿ ತಗದು ಕೂಡಾಕ ಹತ್ತೀವಿ, ಸೂಚನಾನೂ ನಿಂದ ಇತ್ತು ಅಂದ್ರು.

ಹೌದು. ನಂದ.

ಯಾರೂ ಸಹಿ ಮಾಡೂದಿಲ್ಲ. ಫೆಬ್ರುವರಿಯಾಗ ನನ್ನ ಹತ್ರ ಯಾರರ ಬಂದಿದ್ರ ನಾನೂ ಮಾಡ್ತಿರಲಿಲ್ಲ.

೩ ಮೇ, ಶನಿವಾರ. ಸಂಜಿ

ಮಾಧುರಿ ಕುರಕುಂಭಕ್ಕ ಹೋದ್ಲು. ಅತ್ತಿನ್ನೂ ಕರದ್ಲು, ಅವರು ಒಲ್ಲೆ ಅಂದ್ರು.

ಮಧ್ಯಾಹ್ನ ಬಾಗಲಾ ಸಪ್ಪಳ. ಬೆರಳಿನ ತುದೀಲೆ ಬಡದಂಗ. ಕಲ್ಲವ್ವ ಅತ್ತಿ. ಒಳಗ ಬಂದು ನೆಲದ ಮ್ಯಾಲ ಕೂತ್ರು. ನೀರು ಕೊಟ್ಟೆ, ಕುಡೀಲಿಲ್ಲ. ಮನಿಯೊಳಗ ಭಾಳ ಸುಮ್ನ ಅನಸ್ತದವ್ವ, ಕೂಡಾಕ ಆಗವಲ್ದು ಅಂದ್ರು. ಎದಿ ಮ್ಯಾಲ ಕೈ ಇಟ್ಕೊಂಡು, ಇಲ್ಲಿ ಕಲ್ಲು ಕೂತಂಗ ಆಗ್ಯದ ಅಂದ್ರು.

ನಾನೂ ಎದುರಿಗೆ ಕೂತೆ. ಹೇಳಿಬಿಟ್ಟೆ.

“ಅತ್ತಿ, ಅಳೂದು ಬಂದ್ ಮಾಡ್ರಿ ಅಂತ ಅರ್ಜಿಯೊಳಗ ಬರಸಿದಾಕಿ ನಾನ. ನಿಮಗ ಓದಿ ಹೇಳಲಿಲ್ಲ.”

“ಗೊತ್ತದ,” ಅಂದ್ರು. “ಆ ವಾಚ್‌ಮನ್ ಮುದುಕ ಅವತ್ತ ಹೇಳಿದ್ನಲ್ಲ. ಸಹಿ ಕೇಳಾಕ ಬಂದಾಕಿ ನೀನ. ಅಷ್ಟು ಮರಾಠಿ ತಿಳೀತದ ನನಗ.”

ಗೊತ್ತಿದ್ದು ಇಷ್ಟು ದಿನ ನನ್ನ ಕೈಲೆ ಚಹಾ ಇಸ್ಕೊಂಡು ಕುಡದಾರ. ನನಗ ಎಲ್ಲಿ ನೋಡಬೇಕೋ ತಿಳೀಲಿಲ್ಲ. ಅವರು ನನ್ನ ನೋಡ್ತಿರಲಿಲ್ಲ, ಬೆಡ್‌ರೂಮಿನ ಬಾಗಲಾ ನೋಡಾಕ ಹತ್ತಿದ್ರು.

“ಮಾಂತು ಮಲಗ್ಯಾನೇನು?”

“ಮಲಗ್ಯಾರ್ರಿ.”

ತಲಿ ಹಾಕಿದ್ರು. ತುಟಿ ಬಿಗಿ ಹಿಡದ್ರು. ಸೆರಗು ಬಾಯಿಗೆ ಒಯ್ಯೂದು ಕಂಡೆ — ಅದ ಸೆರಗು, ಅದ ಕೈ. ಬಾಯಿ ಮುಚ್ಚಿ ಕೂತು ಕೂತು ಈಗ ಅದ ರೂಢಿ ಆಗ್ಯದ ಅವರಿಗೆ.

ಎದ್ದೆ. ಬೆಡ್‌ರೂಮಿಗೆ ಹೋಗಿ ಇವರ ತೋಳು ಹಿಡಿದು ಅಳ್ಳಾಡಿಸಿದೆ. ಗಾಬರಿಯಾಗಿ ಎದ್ರು. ಕಲ್ಲವ್ವ ಅತ್ತಿ ಬಂದಾರ, ಅಳಬೇಕಾಗ್ಯದ ಅಂದೆ. ಹಿಂಗ ಹೇಳಿದ್ರ ಯಾರಿಗರ ತಿಳೀತದೇನು? ಇವರಿಗೆ ತಿಳೀತು. ಬನಿಯನ್ ಮ್ಯಾಲ ಹಂಗ ಎದ್ದು ಬಂದು ಅತ್ತಿ ಬಾಜೂಕ ನೆಲದ ಮ್ಯಾಲ ಕೂತ್ರು.

“ಎದ್ದೀನ್ರಿ ಅತ್ತಿ,” ಅಂದ್ರು.

ಅತ್ತಿ ಇವರ ಮಾರಿ ನೋಡಿದ್ರು, ನನ್ನ ಮಾರಿ ನೋಡಿದ್ರು. ಸೆರಗು ಕೈಯಿಂದ ಜಾರ್ತು. ಮೊದಲು ಬರೇ ಉಸಿರು ಬಂತು, ದನಿ ಇಲ್ಲ. ಆಮ್ಯಾಲ ಬಂತು. ನಡಕೋತ ಹೋದಾವಾ, ಒಂದು ಮಾತು ಹೇಳದ ಹೋದ್ಯಲ್ಲೋ, ಡಬ್ಬಿ ಬಿಚ್ಚದ ಹಂಗ ಉಳೀತಲ್ಲೋ — ರಾಗ ಮಾಡಿ, ನಡು ನಡುವ ಮಾವನ ಸಿಟ್ಟು, ಮಾವನ ಖುರ್ಚಿ, ಮದಿವಿಯಾದ ಹೊಸದಾಗಿ ಪಿಂಪ್ರಿಯ ಚಾಳಿನ ಒಂದ ಖೋಲಿ, ಎಲ್ಲಾ ಹೇಳಿ ಹೇಳಿ ಅತ್ರು. ಇಡೀ ಬಿಲ್ಡಿಂಗಿಗೆ ಕೇಳಿರಬೇಕು. ನಾ ಅವರ ಕಾಲು ಹಿಡಕೊಂಡು ಕೂತಿದ್ದೆ. ನಾನೂ ಅತ್ತೆ, ಆದ್ರ ನನ್ನ ಅಳು ಬ್ಯಾರೆ, ಅದರಾಗ ಮಾವ ಕಡಿಮಿ, ನಾನ ಹೆಚ್ಚು. ಅದೂ ಗೊತ್ತಾಗ್ತಿತ್ತು ನನಗ.

ಬೆಲ್ ಆತು. ಕೇತಕಿ ತಾಯಿ. ಏನಾತು, ಯಾರಿಗೇನಾತು ಅಂತ ಕೇಳಿದ್ರು. ನನಗ ಏಳಾಕ ಆಗಲಿಲ್ಲ. ಇವರ ಹೋದ್ರು ಬಾಗಲಿಗೆ.

“ತಾಯಿ, ಆಮಚ್ಯಾ ಘರಾತ್ ರಡತಾಯತ್. ರಡೂ ದ್ಯಾ.”

ನಮ್ಮ ಮನಿಯೊಳಗ ಅಳಾಕ ಹತ್ತ್ಯಾರ, ಅಳಲಿ ಬಿಡ್ರಿ ಅಂತ. ದನಿ ಏರಸಲಿಲ್ಲ. ಕೇತಕಿ ತಾಯಿ ಅಲ್ಲೇ ಚಪ್ಪಲಿ ಬಿಡಬೇಕೋ ಬ್ಯಾಡೋ ಅನ್ನೂವಂಗ ನಿಂತ್ರು. ಆಮ್ಯಾಲ ಹೋದ್ರು.

ಇವರು ಇವತ್ತ ಶಿಫ್ಟಿಗೆ ಹೋಗೂದಿಲ್ಲಂತ. ಫೋನ್ ಮಾಡಿ ಹೇಳಿದ್ರು. ಅತ್ತಿ ಬೆಡ್‌ರೂಮಿನ್ಯಾಗ ಮಲಗ್ಯಾರ, ದನಿ ಪೂರಾ ಕೂತದ. ಕ್ಷಮಾ ಮಾಡೀನಿ ಅಂತ ಅವರು ಅನ್ನಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕೇನು? ಕೇಳಿದ್ರ ಹೂಂ ಅಂದುಬಿಡ್ತಾರ, ಅದ ಅಂಜಿಕಿ.

ಸೋಮವಾರ ಮತ್ತ ದವಾಖಾನಿಗೆ ಹೋಗೂದು. ಒಬ್ಬಾಕಿನ ಸಹಿ ಆದ್ರೂ ಕೊಟ್ಟು ಬರೂದು, ಇವರದೂ ಕೂಡಿ ಎರಡು. ಆ ಬಾಳಕೃಷ್ಣಗೂ ಒಂದು ಮಾತು —

ಅತ್ತಿ ಎದ್ರು ಅನಸ್ತದ. ಕರ್ಯಾಕ ಹತ್ತ್ಯಾರ, ನನ್ನ ಹೆಸರು ಹಿಡಿದು